ಅಪ್ಪನ ಸಿಮ್ ಬಂದ್ ಮಾಡಿಸುವ ಮೊದಲು

ಪ್ರಶ್ನೆ: ಅಪ್ಪ ತೀರಿಕೊಂಡು ಹದಿನೈದು ದಿನವಾಯಿತು. ಅವರ ಸಿಮ್ ಬಂದ್ ಮಾಡಿಸೋಣ ಅನ್ನುತ್ತಾನೆ ತಮ್ಮ. ಆಂಡ್ರಾಯ್ಡ್ ಫೋನಿನ ಪಿನ್ ಯಾರಿಗೂ ಗೊತ್ತಿಲ್ಲ, ಅಂಗಡಿಯವನು ಲಾಕ್ ತೆಗೆದುಕೊಡುತ್ತೇನೆ ಎಂದಿದ್ದಾನೆ. ಅಮ್ಮನಿಗೆ ಫೋಟೊ ಬೇಕು, ನಮಗೆ ಬ್ಯಾಂಕಿನ ಕೆಲಸ ಆಗಬೇಕು. ಯಾವುದು ಮೊದಲು?
– ತಿಪಟೂರಿನ ಓದುಗರು

ಉತ್ತರ: ಮೊದಲು ಆ ನಂಬರಿಗೆ ರೀಚಾರ್ಜ್ ಮಾಡಿಸಿ. ಸಿಮ್ ಬಂದ್ ಮಾಡಿಸುವುದು ಕಟ್ಟಕಡೆಯ ಕೆಲಸ. ವಿಮೆಯ ಕಂತು, ಮ್ಯೂಚುವಲ್ ಫಂಡಿನ ಎಸ್‌ಐಪಿ, ಎಫ್‌ಡಿ ಬಡ್ಡಿ, ಗ್ಯಾಸು, ಕರೆಂಟು ಎಲ್ಲದರ ಮೆಸೇಜೂ ಬರುವುದು ಅಲ್ಲಿಗೇ. ಮೂರ್ನಾಲ್ಕು ತಿಂಗಳ ಮೆಸೇಜು ನೋಡಿದರೆ ಅಪ್ಪನ ದುಡ್ಡು ಎಲ್ಲೆಲ್ಲಿದೆ ಎಂಬುದು ಮುಕ್ಕಾಲು ಪಾಲು ತಿಳಿಯುತ್ತದೆ. 90 ದಿನ ಬಳಕೆಯಿಲ್ಲದೆ, ಬ್ಯಾಲೆನ್ಸೂ ಇಲ್ಲದೆ ಬಿಟ್ಟ ನಂಬರನ್ನು ಕಂಪನಿ ಕಡಿದುಹಾಕಬಹುದು. ಆಮೇಲೆ ಅದು ಬೇರೊಬ್ಬರ ಪಾಲಾದರೆ ಅಪ್ಪನ ಒಟಿಪಿಗಳೂ ಅವರಿಗೇ ಹೋಗುತ್ತವೆ. ಮರಣ ಪ್ರಮಾಣಪತ್ರ ಸಿಕ್ಕ ಮೇಲೆ ಕಂಪನಿಯ ಸ್ವಂತ ಮಳಿಗೆಗೆ ಹೋಗಿ ನಂಬರನ್ನು ಅಮ್ಮನ ಹೆಸರಿಗೆ ಮಾಡಿಸಿಕೊಳ್ಳಿ. ವಾಟ್ಸ್‌ಆ್ಯಪ್ ಖಾತೆ ಕೂಡ 120 ದಿನ ಸುಮ್ಮನೆ ಬಿದ್ದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ.

ಇನ್ನು ಅಂಗಡಿಯವನ ಮಾತು. ಈಗಿನ ಫೋನುಗಳಲ್ಲಿ ‘ಲಾಕ್ ತೆಗೆಯುವುದು’ ಅಂದರೆ ಹೆಚ್ಚಾಗಿ ಫ್ಯಾಕ್ಟರಿ ರೀಸೆಟ್. ಒಳಗಿನದೆಲ್ಲ ಗೂಢಲಿಪಿಯಲ್ಲಿದ್ದು ಅದರ ಕೀಲಿ ಆ ಪಿನ್‌ಗೇ ಕಟ್ಟಿಕೊಂಡಿರುತ್ತದೆ. ರೀಸೆಟ್ ಆದರೆ ಫೋನು ತೆರೆಯುತ್ತದೆ, ಫೋಟೊ ಇರುವುದಿಲ್ಲ. ಅಂದಾಜಿನ ಮೇಲೆ ಮನೆಮಂದಿಯೆಲ್ಲ ಪಿನ್ ಒತ್ತುತ್ತಾ ಕೂರುವುದೂ ಬೇಡ, ತಪ್ಪಿದಷ್ಟೂ ಕಾಯಿಸುವ ಹೊತ್ತು ಹೆಚ್ಚುತ್ತದೆ. ಮೆಮೊರಿ ಕಾರ್ಡ್ ಇದ್ದರೆ ಫೋನ್ ಆಫ್ ಮಾಡಿ ತೆಗೆದು ಕಂಪ್ಯೂಟರಿಗೆ ಹಾಕಿ ನೋಡಿ. ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಆಗಿದ್ದಿದ್ದರೆ ಚಿತ್ರಗಳು ಅಪ್ಪನ ಗೂಗಲ್ ಖಾತೆಯಲ್ಲಿರುತ್ತವೆ. ತೀರಿಕೊಂಡವರ ಖಾತೆಗೆಂದೇ ಗೂಗಲ್‌ನಲ್ಲಿ ಅರ್ಜಿ ನಮೂನೆಯಿದೆ. ಪಾಸ್‌ವರ್ಡ್ ಯಾವತ್ತೂ ಕೊಡುವುದಿಲ್ಲ, ದಾಖಲೆ ಪರಿಶೀಲಿಸಿ ಕೆಲವೊಮ್ಮೆ ಒಳಗಿನ ಮಾಹಿತಿ ಕೊಡುತ್ತಾರೆ. ಕೊಟ್ಟೇ ಕೊಡುತ್ತಾರೆಂಬ ಭರವಸೆಯಿಲ್ಲ.

ಬ್ಯಾಂಕಿನ ವಿಷಯದಲ್ಲಿ ಒಂದು ಎಚ್ಚರ: ಯುಪಿಐ ಪಿನ್ ಗೊತ್ತಿದ್ದರೂ ಆ ಖಾತೆಯಿಂದ ದುಡ್ಡು ತೆಗೆಯಬೇಡಿ. ತೀರಿಕೊಂಡ ತಾರೀಖಿನ ನಂತರದ ಪ್ರತಿ ವ್ಯವಹಾರವೂ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ತಿಥಿ ಖರ್ಚಿಗೆಂದು ತೆಗೆದದ್ದೇ ನಾಳೆ ಪಾಲಿನ ಜಗಳಕ್ಕೆ ಮೂಲವಾಗಬಹುದು. ನಾಮಿನಿ ಇದ್ದರೆ ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ ಸಾಕು. ಇಲ್ಲದಿದ್ದರೂ ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದಂತೆ 15 ಲಕ್ಷದವರೆಗೆ (ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷ) ಕೋರ್ಟಿನ ಉತ್ತರಾಧಿಕಾರ ಪತ್ರ ಕೇಳುವಂತಿಲ್ಲ, ಉಳಿದ ವಾರಸುದಾರರ ಒಪ್ಪಿಗೆಪತ್ರ, ಇಂಡೆಮ್ನಿಟಿ ಬಾಂಡ್ (ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುವ ಮುಚ್ಚಳಿಕೆ) ಕೊಟ್ಟರಾಯಿತು. ದಾಖಲೆ ಪೂರ್ತಿಯಾದ 15 ದಿನದೊಳಗೆ ಇತ್ಯರ್ಥವಾಗಬೇಕು. ಅಂದಹಾಗೆ, ನಾಮಿನಿ ದುಡ್ಡು ಪಡೆಯುವವರಷ್ಟೇ, ಅದರ ಹಕ್ಕು ವಾರಸುದಾರರೆಲ್ಲರದು.

ಕೆಲಸ ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಬುಕ್ಕಿನಲ್ಲಿ ಮುಂದೆ, ಮರಣ ಪ್ರಮಾಣಪತ್ರದಲ್ಲಿ ಊರಿನ ಹೆಸರೂ ಸೇರಿ ಇನ್ನೊಂದು ರೂಪ. ಮರಣ ನೋಂದಣಿಗೆ 21 ದಿನದ ಗಡುವಿದೆ. ನಿಮಗಿನ್ನೂ ಆರು ದಿನ ಉಳಿದಿದೆ. ಬರೆಸುವಾಗ ಬ್ಯಾಂಕಿನ ದಾಖಲೆಯನ್ನು ಎದುರಿಗಿಟ್ಟುಕೊಳ್ಳಿ.

ಪ್ರಶ್ನೆ: ನನಗೆ 64. ಜಿಮೇಲ್, ಫೋಟೊ ಎಲ್ಲ ನನ್ನ ನಂತರ ಮಗಳಿಗೆ ಸಿಗಬೇಕು. ವಿಲ್‌ನಲ್ಲಿ ಪಾಸ್‌ವರ್ಡ್ ಬರೆದಿಟ್ಟರೆ ಸಾಕಲ್ಲವೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಬೇಡ. ವಿಲ್ ಹತ್ತು ಜನರ ಕೈಗೆ ಹೋಗುವ ಕಾಗದ, ಪಾಸ್‌ವರ್ಡ್ ಆರು ತಿಂಗಳಿಗೊಮ್ಮೆ ಬದಲಾಗುವಂಥದ್ದು. ವಿಲ್‌ನಲ್ಲಿ ‘ನನ್ನ ಆನ್‌ಲೈನ್ ಖಾತೆಗಳ ಹೊಣೆ ಮಗಳದ್ದು’ ಎಂದಿರಲಿ, ಇಬ್ಬರು ಸಾಕ್ಷಿಗಳ ಸಹಿ ಬೀಳಲಿ.

ಜಿಮೇಲಿಗೆ ಗೂಗಲ್ ಖಾತೆಯ ‘ಡೇಟಾ ಮತ್ತು ಗೌಪ್ಯತೆ’ ವಿಭಾಗದಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಇದೆ. ಖಾತೆ ಎಷ್ಟು ದಿನ ಸುಮ್ಮನಿದ್ದರೆ ನೀವಿಲ್ಲವೆಂದು ಭಾವಿಸಬೇಕು ಎನ್ನುವುದನ್ನು ಅಲ್ಲಿ ಆರಿಸಿ: 3, 6, 12 ಅಥವಾ 18 ತಿಂಗಳು. ಆರು ತಿಂಗಳು ಒಳ್ಳೆಯದು; ಮೂರಾದರೆ ಒಂದು ದೀರ್ಘ ಕಾಯಿಲೆಗೇ ಸುದ್ದಿ ಹೋಗಿಬಿಡಬಹುದು, 18 ಅಂದರೆ ಮಗಳು ತೀರಾ ಕಾಯಬೇಕು. ಹತ್ತು ಜನರವರೆಗೆ ಹೆಸರಿಸಬಹುದು, ಯಾರಿಗೆ ಏನು ಎಂದು ಬೇರೆಬೇರೆಯಾಗಿ ಟಿಕ್ ಮಾಡಬಹುದು. ಗಡುವಿಗೆ ಒಂದು ತಿಂಗಳಿದೆ ಎನ್ನುವಾಗ ನಿಮಗೇ ಮೆಸೇಜು, ಮೇಲು ಬರುತ್ತದೆ. ಉತ್ತರವಿಲ್ಲದಿದ್ದರೆ ಮಗಳಿಗೆ ಮೇಲು ಹೋಗುತ್ತದೆ, ಅವರ ಮೊಬೈಲಿಗೆ ಬರುವ ಕೋಡ್ ಹಾಕಿ ಮೂರು ತಿಂಗಳೊಳಗೆ ಇಳಿಸಿಕೊಳ್ಳಬೇಕು. ಮಗಳು ನಂಬರ್ ಬದಲಿಸಿದರೆ ಇಲ್ಲೂ ಬದಲಿಸಲು ಮರೆಯಬೇಡಿ.

ಹೆಚ್ಚಿನವರು ಗಮನಿಸದ ತೊಡಕೊಂದಿದೆ. ನಿಮ್ಮ ಖಾತೆ ಮೊಮ್ಮಗುವಿನ ಟ್ಯಾಬಿನಲ್ಲೂ ಲಾಗಿನ್ ಆಗಿದ್ದರೆ, ಮಗು ಕಾರ್ಟೂನು ನೋಡುತ್ತಿರುವಷ್ಟು ದಿನವೂ ಗೂಗಲ್ ಲೆಕ್ಕದಲ್ಲಿ ನೀವೇ ಓಡಾಡಿಕೊಂಡಿದ್ದೀರಿ! ಆ ಗಡುವು ಬರುವುದೇ ಇಲ್ಲ. ಟ್ಯಾಬಿಗೆ ಬೇರೆ ಖಾತೆ ಮಾಡಿಕೊಡಿ.

ಇದಲ್ಲದೆ ಒಂದು ಲಕೋಟೆಯಲ್ಲಿ ಫೋನಿನ ಪಿನ್, ಖಾತೆಗಳ ಪಟ್ಟಿ, ಗೂಗಲ್‌ನ ಎರಡು ಹಂತದ ಪರಿಶೀಲನೆಯ ಬ್ಯಾಕಪ್ ಕೋಡುಗಳನ್ನು (ಒಂದು ಸಲಕ್ಕೆ ಹತ್ತು, ಎಂಟೆಂಟು ಅಂಕೆ) ಬರೆದಿಡಿ. ಬ್ಯಾಂಕ್ ಲಾಕರಿನಲ್ಲಿ ಬೇಡ, ನಿಮ್ಮ ನಂತರ ಆ ಲಾಕರ್ ತೆರೆಯಲೇ ಒಂದಷ್ಟು ಕಾಗದ ಓಡಾಡಬೇಕು. ಮನೆಯ ಬೀರುವೇ ವಾಸಿ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ, ಐಫೋನ್ ಬಳಸುತ್ತೇನೆ. ನನ್ನ ನಂತರ ಆ್ಯಪಲ್ ಖಾತೆ ನೋಡಿಕೊಳ್ಳಲು ಮೈಸೂರಿನಲ್ಲಿರುವ ಅಮ್ಮನನ್ನು ನೇಮಿಸಬಹುದೇ? ಅವರ ಬಳಿ ಐಫೋನ್ ಇಲ್ಲ.

ಉತ್ತರ: ಧಾರಾಳವಾಗಿ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, ಸೈನ್-ಇನ್ ಮತ್ತು ಸೆಕ್ಯುರಿಟಿಯೊಳಗೆ ಲೆಗಸಿ ಕಾಂಟ್ಯಾಕ್ಟ್ (ನಿಮ್ಮ ನಂತರ ಖಾತೆ ತೆರೆಯಬಲ್ಲವರು) ಎಂಬಲ್ಲಿ ಅಮ್ಮನ ಹೆಸರು ಸೇರಿಸಿ. ಆಗ ಸಿಗುವ ಆ್ಯಕ್ಸೆಸ್ ಕೀಯನ್ನು ಪ್ರಿಂಟ್ ತೆಗೆದು ಕಳಿಸಿ. ಆ ಕೀ ಮತ್ತು ಮರಣ ಪ್ರಮಾಣಪತ್ರ ಎರಡೂ ಬೇಕು. ಅರ್ಜಿ ಒಪ್ಪಿಗೆಯಾದ ಮೇಲೆ ಮೂರು ವರ್ಷ ಅವಕಾಶವಿರುತ್ತದೆ. ಕೀಚೈನ್‌ನಲ್ಲಿ (ಐಫೋನಿನ ಪಾಸ್‌ವರ್ಡ್ ಪೆಟ್ಟಿಗೆ) ಇರುವ ಪಾಸ್‌ವರ್ಡುಗಳು, ಕೊಂಡ ಸಿನಿಮಾ, ಪುಸ್ತಕ ಸಿಗುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇಂಥ ಆನ್‌ಲೈನ್ ನೇಮಕಕ್ಕೆ ವಿಲ್‌ಗಿಂತ ಮೇಲಿನ ಸ್ಥಾನವಿದೆ, ಎರಡರಲ್ಲೂ ಒಂದೇ ಹೆಸರಿರಲಿ.

ಪ್ರಶ್ನೆ: ತೀರಿಹೋದ ಗೆಳೆಯನಿಗೆ ಹುಟ್ಟುಹಬ್ಬದ ಶುಭಾಶಯ ಕೋರಿ ಅಂತ ಫೇಸ್‌ಬುಕ್ ಪ್ರತಿವರ್ಷ ನೆನಪಿಸುತ್ತದೆ. ನಿಲ್ಲಿಸುವುದು ಹೇಗೆ?

ಉತ್ತರ: ಸಾವಿನ ದಾಖಲೆ ಲಗತ್ತಿಸಿ ಖಾತೆಯನ್ನು ‘ಸ್ಮರಣೆ’ ಖಾತೆಯಾಗಿಸಲು ಗೆಳೆಯರೂ ಕೋರಬಹುದು. ಆಮೇಲೆ ಆ ನೆನಪೋಲೆಗಳು ನಿಲ್ಲುತ್ತವೆ. ಆದರೆ ಒಮ್ಮೆ ಹಾಗಾದರೆ ಪಾಸ್‌ವರ್ಡ್ ಇದ್ದವರೂ ಒಳಹೋಗಲಾರರು, ಕೋರಿಕೆ ಕಳಿಸುವ ಮೊದಲು ಅವರ ಮನೆಯವರನ್ನೊಂದು ಮಾತು ಕೇಳಿ.