ಥಾಯ್ ಗೆಳತಿಯ ಹಳ್ಳಿಮನೆಗೆ ಹೊರಟಿದ್ದೀರಾ?

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಥಾಯ್ಲೆಂಡಿನ ಗೆಳತಿ ನವೆಂಬರಿನಲ್ಲಿ ಊರಿಗೆ ಹೋಗುತ್ತಾಳೆ. ಒಂದು ಶನಿವಾರ-ಭಾನುವಾರ ನೀನೂ ಬಾ ಎಂದು ಕರೆದಿದ್ದಾಳೆ. ಅವರದು ರೋಯಿ ಎಟ್ ಪ್ರಾಂತ್ಯ, ಭತ್ತದ ಗದ್ದೆ ಇದೆ. ನಾನು ಮೀನು, ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಅಮ್ಮ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಡ್ತೀನಿ, ಅಲ್ಲಿ ಏನೂ ಮುಟ್ಟಬೇಡ ಅಂತಿದ್ದಾರೆ. ಅವರ ಮನೆಯಲ್ಲಿ ಕೂತು ನನ್ನ ಡಬ್ಬಿ ಬಿಚ್ಚಿದರೆ ಅವರಿಗೆ ಬೇಜಾರಾಗುವುದಿಲ್ಲವೇ?
– ಸಾಗರದ ಓದುಗಿ

ಉತ್ತರ: ಡಬ್ಬಿ ಒಯ್ಯಿರಿ. ಆದರೆ ಕೋಣೆಯಲ್ಲಿ ಒಬ್ಬರೇ ಕೂತು ತಿನ್ನಬೇಡಿ, ಎಲ್ಲರ ನಡುವೆ ಇಡಿ. ಅಲ್ಲಿ ಚಾಪೆ ಹಾಸಿ ಸುತ್ತ ಕೂತು, ಮಧ್ಯೆ ಇಟ್ಟ ಬಟ್ಟಲುಗಳಿಂದ ಎಲ್ಲರೂ ತಿನ್ನುತ್ತಾರೆ. ಮೆಣಸು, ಬೆಳ್ಳುಳ್ಳಿ ಕುಟ್ಟುವ ಒರಳು ಇಲ್ಲದ ಮನೆಯೇ ಅಲ್ಲಿ ಇಲ್ಲ ಅನ್ನಬಹುದು, ಹಾಗಾಗಿ ನಿಮ್ಮ ಅಮ್ಮನ ಚಟ್ನಿಪುಡಿ ಭಾನುವಾರ ಬೆಳಿಗ್ಗೆಯೊಳಗೆ ಖಾಲಿಯಾದರೆ ಆಶ್ಚರ್ಯಪಡಬೇಡಿ. ಎಂಜಲು-ಮುಸುರೆ ಲೆಕ್ಕ ಜಾಸ್ತಿ ಇರುವ ಮನೆಯಿಂದ ಹೋದವರಿಗೆ ಮೊದಲ ಊಟ ಸ್ವಲ್ಪ ಕಷ್ಟವೇ. ಒಂದು ತಟ್ಟೆ ಕೇಳಿ, ಊಟ ಶುರುವಾಗುವ ಮೊದಲೇ ಬಡಿಸಿಕೊಂಡುಬಿಡಿ.

ನಿಜವಾದ ತೊಂದರೆ ಡಬ್ಬಿಯದಲ್ಲ, ದಾಕ್ಷಿಣ್ಯದ್ದು. ನಮ್ಮ ಮಲೆನಾಡಿನವರಿಗೆ 'ಬೇಡ, ಸಾಕು' ಅನ್ನೋದು ಬಾಯಿಪಾಠ. ಅವರೂ ಹಾಗೇ, ಎದುರಿನವರ ಮನಸ್ಸಿಗೆ ನೋವಾದೀತು ಅಂತ ಅರ್ಧ ಮಾತು ಗಂಟಲಲ್ಲೇ ಇಟ್ಟುಕೊಳ್ಳುತ್ತಾರೆ. ಇಬ್ಬರೂ ಹೀಗೆ ಕೂತರೆ ನೀವು ಹಸಿದುಕೊಂಡಿರುತ್ತೀರಿ, ಗೆಳತಿಯ ಅಮ್ಮ ತಾನು ಮಾಡಿದ್ದು ರುಚಿಯಾಗಿಲ್ಲವೇನೋ ಅಂತ ಕೊರಗುತ್ತಾರೆ. ಅದಕ್ಕೇ ಒಂದು ವಾರ ಮೊದಲೇ ಗೆಳತಿಯ ಕೈಲಿ ಮನೆಗೆ ಫೋನ್ ಮಾಡಿಸಿ, ಬಿಡಿಸಿ ಹೇಳಿಸಿ. 'ಮಾಂಸ ತಿನ್ನಲ್ಲ' ಅಂದರೆ ಸಾಲದು. ನಾಮ್ ಪ್ಲಾ ಅನ್ನುವ ಮೀನಿನ ರಸ ಅಲ್ಲಿ ನಮ್ಮ ಉಪ್ಪಿನ ಜಾಗದಲ್ಲಿದೆ. ಅದರ ಮೇಲೆ ಆ ಸೀಮೆಯಲ್ಲಿ ಪ್ಲಾ ರಾ ಬೇರೆ, ಅಂದರೆ ಮೀನನ್ನು ಉಪ್ಪು ಮತ್ತು ತೌಡು ಅಥವಾ ಹುರಿದ ಅಕ್ಕಿಪುಡಿ ಹಾಕಿ ಜಾಡಿಯಲ್ಲಿ ತಿಂಗಳುಗಟ್ಟಲೆ ಕೊಳೆಯಿಟ್ಟದ್ದು. ಕಣ್ಣಿಗೆ ಬರೀ ಪಪ್ಪಾಯಿ ಕಾಯಿಯ ಕೋಸಂಬರಿಯಂತೆ ಕಾಣುವ ಸೋಮ್ ತಮ್‌ನಲ್ಲೂ ಅದು ಇರುತ್ತದೆ. 'ಜೇ' ಊಟ ಅನ್ನಿ, ಅಜ್ಜಿಯಿಂದ ಹಿಡಿದು ಎಲ್ಲರಿಗೂ ತಿಳಿಯುತ್ತದೆ. ಅದರಲ್ಲಿ ಮೀನು, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಪೇಟೆಯಲ್ಲಿ ಇಂಥ ಊಟ ಸಿಗುವ ಅಂಗಡಿಗೆ ಹಳದಿ ಬಾವುಟ, ಕೆಂಪು ಅಕ್ಷರ ಇರುತ್ತದೆ. ಸೋಮ್ ತಮ್ ಬೇಕಾದರೆ ಉಪ್ಪು, ನಿಂಬೆರಸ ಹಾಕಿ ನಿಮ್ಮೆದುರೇ ಕುಟ್ಟಿಸಿಕೊಳ್ಳಿ. ಒರಳು ಮೊದಲು ತೊಳೆಯಲು ಹೇಳುವುದನ್ನು ಮರೆಯಬೇಡಿ.

ಅನ್ನಕ್ಕೆ ಮಾತ್ರ ಬರವಿಲ್ಲ. ಆ ಕಡೆ ಎಷ್ಟೋ ಮನೆಗಳಲ್ಲಿ ಮಾರುವುದಕ್ಕೆ ಮಲ್ಲಿಗೆ ಅಕ್ಕಿ, ಉಣ್ಣುವುದಕ್ಕೆ ಅಂಟಕ್ಕಿ ಬೆಳೆಯುತ್ತಾರೆ. ಮಲ್ಲಿಗೆ ಅಕ್ಕಿಯ ಹೆಸರಾದ ತಳಿ ಖಾವ್ ಡಾಕ್ ಮಲಿ 105, ಅದು 1959ರಲ್ಲಿ ಬಿಡುಗಡೆಯಾದದ್ದು. ರೋಯಿ ಎಟ್ ಸೇರಿದಂತೆ ಐದು ಪ್ರಾಂತ್ಯಗಳಿಗೆ ಹರಡಿದ ತುಂಗ್ ಕುಲಾ ಬಯಲಿನ ಮರಳುಮಣ್ಣಿನಲ್ಲಿ, ಮಳೆ ನಂಬಿಕೊಂಡು ಅದನ್ನು ಬೆಳೆಯುತ್ತಾರೆ. ಅಲ್ಲಿ ಮಣ್ಣಿನಲ್ಲಿ ಅಲ್ಲಲ್ಲಿ ಉಪ್ಪೂ ಇದೆ. ಆದರೂ ಒಳ್ಳೆಯ ಘಮ ಬರುವುದು ಅಲ್ಲಿಯ ಅಕ್ಕಿಗೇ.

ಅಂಟಕ್ಕಿ ಬೇಯಿಸುವುದನ್ನು ನೋಡಲು ಬೆಳಿಗ್ಗೆ ಬೇಗ ಏಳಿ. ಹಿಂದಿನ ರಾತ್ರಿ ನೆನೆಹಾಕಿದ ಅಕ್ಕಿಯನ್ನು ಕೆಳಗೆ ಚೂಪಾಗಿರುವ ಬಿದಿರಿನ ಬುಟ್ಟಿಗೆ ತುಂಬಿ, ಕತ್ತು ಸಣ್ಣಗಿರುವ ಪಾತ್ರೆಯ ಬಾಯಿಗೆ ಕೂರಿಸುತ್ತಾರೆ. ನೀರು ಅಕ್ಕಿಗೆ ತಾಗುವುದೇ ಇಲ್ಲ, ಬರೀ ಹಬೆ. ನಡುವೆ ಒಮ್ಮೆ ಬುಟ್ಟಿಯನ್ನು ಎತ್ತಿ ಕುಲುಕಿದರೆ ಒಳಗಿನ ಅನ್ನ ಇಡೀ ಮುದ್ದೆಯಾಗಿ ಮಗುಚಿ ಬೀಳುತ್ತದೆ. ಬೆಂದ ಮೇಲೆ ಹಲಗೆಗೆ ಸುರಿದು, ಹರಡಿ, ಹಬೆ ಹೋಗಿಸಿ, ಮುಚ್ಚಳದ ಪುಟ್ಟ ಬುಟ್ಟಿಗಳಿಗೆ ತುಂಬುತ್ತಾರೆ. ತಿನ್ನುವಾಗ ಕಲಸುವ ಹಾಗಿಲ್ಲ. ಬಲಗೈಯಲ್ಲಿ ಚೂರು ಮುರಿದು, ಉಂಡೆ ಕಟ್ಟಿ, ಅದ್ದಿ ತಿನ್ನಬೇಕು. ಆಮೇಲೆ ಮುಚ್ಚಳ ಹಾಕಿಬಿಡಿ, ಇಲ್ಲದಿದ್ದರೆ ಅನ್ನ ಗಟ್ಟಿಯಾಗುತ್ತದೆ. ಬೌದ್ಧ ಭಿಕ್ಷುಗಳು ಭಿಕ್ಷೆಗೆ ಬರುವುದೂ ಅದೇ ಹೊತ್ತಿಗೆ. ನೀವೂ ಒಂದು ಉಂಡೆ ಹಾಕಬಹುದು, ಆದರೆ ಚಪ್ಪಲಿ ಬಿಟ್ಟು ನಿಲ್ಲಿ, ಹೆಂಗಸರು ಅವರನ್ನು ಮುಟ್ಟಬಾರದು.

ಇನ್ನು ರಜೆಯ ಲೆಕ್ಕ. ಶನಿವಾರ-ಭಾನುವಾರ ಅಂತ ಹೊರಟರೆ ದಾರಿಯಲ್ಲೇ ಮುಗಿಯುತ್ತದೆ. ಬೆಂಗಳೂರಿನಿಂದ ಬ್ಯಾಂಕಾಕ್ ಸುಮಾರು ನಾಲ್ಕು ಗಂಟೆ, ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಬ್ಯಾಂಕಾಕಿನಿಂದ ರೋಯಿ ಎಟ್ ಮತ್ತೆ 500 ಕಿ.ಮೀ. ಆಸುಪಾಸು. ರಾತ್ರಿ ಬಸ್ಸಿದೆ, ಒಳನಾಡು ವಿಮಾನವೂ ಇದೆ. ಶುಕ್ರವಾರ, ಸೋಮವಾರ ಎರಡೂ ರಜೆ ಹಾಕಿ.


ಪ್ರಶ್ನೆ: ಸ್ನೇಹಿತರ ಮನೆಯಲ್ಲೇ ಇರುವುದಾದರೆ ಹೋಟೆಲ್ ಬುಕಿಂಗ್ ಇರುವುದಿಲ್ಲ. ಕಾಗದಪತ್ರದ ತೊಂದರೆ ಆಗುತ್ತದಾ?
– ಶಿವಮೊಗ್ಗದ ಓದುಗರು

ಉತ್ತರ: ತೊಂದರೆ ಇಲ್ಲ, ಆದರೆ ಕೆಲಸ ಇದೆ. ವಿದೇಶಿಯರು ಮನೆಗೆ ಬಂದರೆ 24 ಗಂಟೆಯೊಳಗೆ ವಲಸೆ ಇಲಾಖೆಗೆ ತಿಳಿಸುವುದು ಮನೆಯವರ ಜವಾಬ್ದಾರಿ. ಟಿಎಂ 30 ಅಂತ ಅದರ ಫಾರಂ, ಆನ್‌ಲೈನಿನಲ್ಲೂ ಆಗುತ್ತದೆ. ಹಳ್ಳಿಯವರಿಗೆ ಎಷ್ಟೋ ಸಲ ಇದು ಗೊತ್ತೇ ಇರುವುದಿಲ್ಲ, ನೀವೇ ನೆನಪಿಸಿ, ಪಾಸ್‌ಪೋರ್ಟಿನ ಫೋಟೋ ಮೊದಲೇ ಕಳಿಸಿಬಿಡಿ. ನೀವು ತುಂಬಬೇಕಾದ್ದು ಡಿಜಿಟಲ್ ಆಗಮನ ಕಾರ್ಡು. 2025ರ ಮೇ ತಿಂಗಳಿಂದ ಜಾರಿಯಲ್ಲಿದೆ, ಇಳಿಯುವ ದಿನಕ್ಕೆ ಮೂರು ದಿನ ಇರುವಾಗ ತುಂಬಿದರೆ ಸಾಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ ತಾಣವಲ್ಲ, ಮುಚ್ಚಿಬಿಡಿ. ಭಾರತೀಯರ ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ದಿನವೇ ರಾಯಭಾರ ಕಚೇರಿಯ ಪುಟ ನೋಡಿಕೊಳ್ಳಿ.


ಪ್ರಶ್ನೆ: ನನ್ನ ಮಗನ ಥಾಯ್ ಸ್ನೇಹಿತನ ಹಿತ್ತಲಿನ ಫೋಟೋದಲ್ಲಿ ಅಡಿಕೆ ಮರ ಕಂಡೆ! ಅವರೂ ಎಲೆಅಡಿಕೆ ಹಾಕುತ್ತಾರಾ? ಮಗ ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತಾನೆ, ನಾಲ್ಕು ಗೋಟು (ಬಲಿತ ಹಣ್ಣಡಿಕೆ) ತರಿಸಿ ಸಸಿ ಮಾಡಬಹುದಾ?
– ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು

ಉತ್ತರ: ಹಾಕುತ್ತಾರೆ, ಆದರೆ ಹಾಕುವವರು ಹೆಚ್ಚಾಗಿ ಹಳ್ಳಿಯ ಅಜ್ಜಿಯರು. 1940ರ ದಶಕದ ಮೊದಲ ವರ್ಷಗಳಲ್ಲಿ ಪ್ರಧಾನಿ ಪಿಬುಲ್ ಸೊಂಗ್‌ಖ್ರಾಮ್ ಸರ್ಕಾರ ದೇಶ ಆಧುನಿಕವಾಗಿ ಕಾಣಬೇಕು ಅಂತ ಜನರ ತಲೆಗೆ ಹ್ಯಾಟು ತೊಡಿಸಿತು, ಎಲೆಅಡಿಕೆ ಬಿಡಿಸಿತು. ಆಮೇಲಿನ ತಲೆಮಾರಿಗೆ ಅಭ್ಯಾಸವೇ ತಪ್ಪಿತು. ಮದುವೆ, ಪೂಜೆಯ ತಟ್ಟೆಗೆ ಮಾತ್ರ ಅಡಿಕೆ, ವೀಳ್ಯದೆಲೆ ಈಗಲೂ ಬೇಕು. ಸುಣ್ಣಕ್ಕೆ ಅರಿಶಿನ ಬೆರೆಸುತ್ತಾರೆ, ಹಾಗಾಗಿ ಅವರ ಸುಣ್ಣ ಬಿಳಿ ಅಲ್ಲ, ಕೆಂಪು. ಮಗನಿಗೆ ಹೇಳಿ, ಅಜ್ಜಿಯ ಪಕ್ಕ ಕೂತು ಒಂದು ಎಲೆ ಮಡಿಸಿಕೊಡಲಿ, ಭಾಷೆ ಬಾರದಿದ್ದರೂ ಮಾತು ಶುರುವಾಗುತ್ತದೆ.

ಗೋಟು ಮಾತ್ರ ಬೇಡವೇ ಬೇಡ. ಬೀಜ, ಸಸಿ ಯಾವುದೇ ಆಗಲಿ, ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರುವಂತಿಲ್ಲ. ಎಲೆಚುಕ್ಕಿ, ಹಳದಿ ಎಲೆ ರೋಗ, ಕೊಳೆ ಇವುಗಳಲ್ಲೇ ನಾವು ಸುಸ್ತಾಗಿದ್ದೇವೆ. ಅದರ ಮೇಲೆ ಇನ್ನೊಂದು ರೋಗವನ್ನು ಬ್ಯಾಗಿನಲ್ಲಿ ಹೊತ್ತು ತರುವ ಸಾಹಸ ಯಾಕೆ ಸ್ವಾಮಿ?


ಪ್ರಶ್ನೆ: ಅಲ್ಲಿ ಇರುವೆ ಮೊಟ್ಟೆ ತಿನ್ನುತ್ತಾರಂತೆ. ಅಸಹ್ಯ ಅಲ್ವಾ?
– ರಿಪ್ಪನ್‌ಪೇಟೆಯ ಓದುಗರು

ಉತ್ತರ: ನಮ್ಮಲ್ಲಿ ಚಗಳಿ, ಅಂದರೆ ಕೆಂಪಿರುವೆಯ ಚಟ್ನಿ ಅರೆಯುವ ಮನೆಗಳು ನಿಮ್ಮೂರ ಸುತ್ತಮುತ್ತಲೇ ಇವೆ. ಅದೇ ಜಾತಿಯ ಇರುವೆ. ಅವರು ಉದ್ದ ಕೋಲಿಗೆ ಬುಟ್ಟಿ ಕಟ್ಟಿ ಮರದ ಗೂಡು ಅಲ್ಲಾಡಿಸಿ ಮೊಟ್ಟೆ ಇಳಿಸುತ್ತಾರೆ. ಅದಕ್ಕೆ ಬೇಸಿಗೆಯೇ ಕಾಲ, ನವೆಂಬರಿನಲ್ಲಿ ಹೋಗುವವರು ಸುಮ್ನೆ ಹೆದರುವುದು ಬೇಡ.


ಪ್ರಶ್ನೆ: ಉಳಿದುಕೊಂಡಿದ್ದಕ್ಕೆ ದುಡ್ಡು ಕೊಡಬೇಕಾ? ನಡವಳಿಕೆಯಲ್ಲಿ ಏನು ನೋಡಿಕೊಳ್ಳಬೇಕು?
– ಹೊಸನಗರದ ಓದುಗಿ

ಉತ್ತರ: ಕೈಗೆ ದುಡ್ಡು ಕೊಡಬೇಡಿ. ಗೆಳತಿಯ ಜೊತೆ ಸಂತೆಗೆ ಹೋಗಿ ಮನೆಗೆ ಬೇಕಾದ ಸಾಮಾನು ಕೊಳ್ಳಿ, ಬಿಲ್ಲು ನೀವು ಕೊಡಿ. ಮಕ್ಕಳಿದ್ದರೆ ಚನ್ನಪಟ್ಟಣದ ಬೊಂಬೆ ಒಯ್ಯಿರಿ. ಚಪ್ಪಲಿ ಹೊರಗೆ ಬಿಡುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳ ತಲೆ ಸವರುವ ನಮ್ಮ ಅಭ್ಯಾಸ ಮಾತ್ರ ಅಲ್ಲಿ ಬೇಡ. ಬುದ್ಧನ ಮೂರ್ತಿಯ ಕಡೆಗೋ ಹಿರಿಯರ ಕಡೆಗೋ ಕಾಲು ಚಾಚಿ ಕೂರಬೇಡಿ. ಗೆಳತಿಯ ಅಮ್ಮನನ್ನು 'ಮೇ', ಅಪ್ಪನನ್ನು 'ಪೋ' ಎಂದೇ ಕರೆಯಿರಿ. ಸ್ನಾನಕ್ಕೆ ತೊಟ್ಟಿ ನೀರು, ಚೊಂಬು ಇರುತ್ತದೆ, ಬಚ್ಚಲೊಲೆ ಮತ್ತು ಹಂಡೆ ಇರುವುದಿಲ್ಲ. ಬೆಳಗಿನ ಜಾವ ತಣ್ಣೀರು ಆಗದವರು ಮಧ್ಯಾಹ್ನ ಬಿಸಿಲೇರಿದ ಮೇಲೆ ಮೀಯಿರಿ.