ಸ್ಯಾನ್ ಮಿಗ್ ಕಾಫಿ ತಂಡ ಕುಸಿದದ್ದು ಏಕೆ? – ಪ್ರತಿಕ್ರಿಯೆ

ಫಿಲಿಪೀನ್ಸ್‌ನ ಸ್ಯಾನ್ ಮಿಗ್ ಕಾಫಿ ಬ್ಯಾಸ್ಕೆಟ್‌ಬಾಲ್ ತಂಡ 2014ರ ಗ್ರ್ಯಾಂಡ್‌ಸ್ಲಾಮ್ (ಒಂದೇ ಋತುವಿನ ಮೂರೂ ಪ್ರಶಸ್ತಿಗಳ ಗೆಲುವು) ನಂತರ ಏಕೆ ಮಂಕಾಯಿತು, ಮುಖ್ಯ ಆಟಗಾರರು ಬಿಟ್ಟುಹೋದರೇ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಆಟಗಾರರಿಗಿಂತ ದೊಡ್ಡ ಪೆಟ್ಟು ಕೋಚ್ ಟಿಮ್ ಕೋನ್ ಹೋದದ್ದು. 2015ರಲ್ಲಿ ಅವರು ಅದೇ ಸ್ಯಾನ್ ಮಿಗೆಲ್ ಕಂಪನಿಯ ಇನ್ನೊಂದು ತಂಡವಾದ ಬರಾಂಗೇ ಹಿನೆಬ್ರಾಕ್ಕೆ ಹೋದರು; ಮರುವರ್ಷವೇ ಅಲ್ಲಿ ಪ್ರಶಸ್ತಿ ಗೆದ್ದರು. ಇತ್ತ ಹಳೆಯ ತಂಡದ ಹೆಸರೂ ಬದಲಾಯಿತು, ಜೇಸನ್ ವೆಬ್ ಕೋಚ್ ಆದರು, ಗೆಲುವು ಮಾತ್ರ ಕೈಹಿಡಿಯಲಿಲ್ಲ. ಸತತ ನಾಲ್ಕು ಪ್ರಶಸ್ತಿ ಗೆದ್ದ ತಂಡ ಹೀಗಾದದ್ದನ್ನು ನೋಡಿ ನನಗೂ ಸಂಕಟವಾಗಿತ್ತು.

ಈ ಕಥೆಯಲ್ಲಿ ನನಗೆ ಅತಿ ಪ್ರಿಯವಾದದ್ದು ಪಾಲ್ ಲೀ ಅವರ ಭಾಗ. ಆ ಮೂರು ಟೂರ್ನಿಗಳಲ್ಲಿ ಕೊನೆಯದಾದ 2014ರ ಗವರ್ನರ್ಸ್ ಕಪ್‌ನ ಫೈನಲ್ ಸರಣಿಯ ಐದನೇ ಪಂದ್ಯದಲ್ಲಿ ಅವರು ಎದುರಾಳಿ ರೇನ್ ಆರ್ ಶೈನ್ ಪರ ಆಡುತ್ತಿದ್ದರು. ಕೊನೆಯ ಕ್ಷಣಗಳಲ್ಲಿ ಸಿಕ್ಕ ಮೂರು ಫ್ರೀ ಥ್ರೋಗಳಲ್ಲಿ (ಅಡ್ಡಿಯಿಲ್ಲದೆ ಎಸೆಯುವ, ತಲಾ ಒಂದು ಅಂಕದ ಅವಕಾಶ) ಮೊದಲನೆಯದೇ ತಪ್ಪಿತು. ಪಂದ್ಯ 93-92ಕ್ಕೆ ಮುಗಿಯಿತು, ಸ್ಯಾನ್ ಮಿಗ್‌ಗೆ ಗ್ರ್ಯಾಂಡ್‌ಸ್ಲಾಮ್ ದಕ್ಕಿತು. 2016ರಲ್ಲಿ, ಅಭಿಮಾನಿಗಳ ಕಣ್ಮಣಿ ಜೇಮ್ಸ್ ಯಾಪ್ ಅವರನ್ನು ಬಿಟ್ಟುಕೊಟ್ಟು ತಂಡ ಇದೇ ಲೀ ಅವರನ್ನು ಕರೆತಂದಿತು. ಆಗ ಅನೇಕರಿಗೆ ಅದು ನುಂಗಲಾರದ ತುತ್ತು. ಆದರೆ ಹೊಸ ಕೋಚ್ ಚಿಟೊ ವಿಕ್ಟೊಲೆರೊ ನಿಧಾನವಾಗಿ ತಂಡವನ್ನು ಕಟ್ಟಿದರು. ಮಾರ್ಕ್ ಬರೋಕಾ, ಇಯಾನ್ ಸಂಗಲಾಂಗ್ ಅವರಂಥ ಹಳಬರು ಉಳಿದುಕೊಂಡಿದ್ದರು. 2018ರ ಡಿಸೆಂಬರ್‌ನಲ್ಲಿ, ಮ್ಯಾಗ್ನೋಲಿಯಾ ಎಂಬ ಹೆಸರಿನಲ್ಲಿ, ಅಲಾಸ್ಕಾ ತಂಡವನ್ನು ಫೈನಲ್ ಸರಣಿಯಲ್ಲಿ 4-2ರಿಂದ ಸೋಲಿಸಿ ಅದೇ ಗವರ್ನರ್ಸ್ ಕಪ್ ಎತ್ತಿದರು. ಫೈನಲ್‌ನ ಶ್ರೇಷ್ಠ ಆಟಗಾರ ಮಾರ್ಕ್ ಬರೋಕಾ; ಇಡೀ ಟೂರ್ನಿಯ ಶ್ರೇಷ್ಠ ಆಟಗಾರ ಪಾಲ್ ಲೀ!