ಫೋಟೋ ತೋರಿಸಿದ ಮೇಲೆ ಗುರುತು ಪರೇಡ್‌ಗೆ ಬೆಲೆ ಇದೆಯೇ?

ಪ್ರಶ್ನೆ: ಸಂಜೆ ಏಳರ ಹೊತ್ತಿಗೆ ಬೈಕಿನಲ್ಲಿ ಬಂದ ಇಬ್ಬರು ನಮ್ಮ ಅತ್ತಿಗೆಯ ಸರ ಕಿತ್ತುಕೊಂಡು ಹೋದರು. ಹಿಂದೆ ಕೂತವನ ಮುಖ ಅವರಿಗೆ ಕಂಡಿತ್ತು. ವಾರದ ಮೇಲೆ ಪೊಲೀಸರು ಮೊಬೈಲ್‌ನಲ್ಲಿ ಒಬ್ಬನ ಫೋಟೋ ತೋರಿಸಿ ‘ಇವನೇನಾ’ ಎಂದರು. ಈಗ ಜೈಲಿನಲ್ಲಿ ಗುರುತು ಪರೇಡ್‌ಗೆ, ಅಂದರೆ ಸಾಲಾಗಿ ನಿಲ್ಲಿಸಿದವರ ನಡುವೆ ಆರೋಪಿಯನ್ನು ಗುರುತಿಸಲು, ಕರೆದಿದ್ದಾರೆ. ಗುರುತಿಸದಿದ್ದರೆ ಕೇಸು ಬಿದ್ದುಹೋಗುತ್ತದೆಯೇ?
– ಓದುಗರು, ಬಳ್ಳಾರಿ

ಉತ್ತರ: ಬೀಳಲೇಬೇಕೆಂದಿಲ್ಲ. ಅತ್ತಿಗೆ ತಪ್ಪು ಮನುಷ್ಯನನ್ನು ತೋರಿಸಿಬಿಟ್ಟರೆ ಅದೇ ದೊಡ್ಡ ಅಪಾಯ.

ಒಂದೇ ಫೋಟೋ ತೋರಿಸಿದ್ದು ಇಲ್ಲಿನ ತೊಡಕು. ಮಬ್ಬುಗತ್ತಲಲ್ಲಿ, ಬೈಕಿನ ಮೇಲೆ ಎರಡು ಮೂರು ಸೆಕೆಂಡು ಕಂಡ ಮುಖ ಅದು. ಅಷ್ಟರಲ್ಲಿ ಕೈ ಕೊರಳಿಗೆ ಹೋಗಿರುತ್ತದೆ, ಗಮನವೆಲ್ಲ ಸರದ ಮೇಲೆ. ಮೊಬೈಲಿನ ಮುಖವೋ ನಿಚ್ಚಳ. ಮಸುಕಾದ ನೆನಪಿನ ಜಾಗದಲ್ಲಿ ಈ ನಿಚ್ಚಳ ಮುಖ ಬಂದು ಕೂತುಬಿಡುತ್ತದೆ. ಪರೇಡ್‌ನಲ್ಲಿ ‘ಎಲ್ಲೋ ನೋಡಿದ ಮುಖ’ ಅನ್ನಿಸುವುದು ಸುಳ್ಳಲ್ಲ. ಓಣಿಯಲ್ಲೋ ಮೊಬೈಲಿನಲ್ಲೋ ಎಂಬುದು ಕಲಸಿಹೋಗಿರುತ್ತದೆ. ‘ಸರಿಯಾಗಿ ಹೇಳಿದ್ರಿ ಬಿಡ್ರೀ’ ಎಂದು ಯಾರಾದರೂ ಅಂದರಂತೂ ಇದ್ದ ಅನುಮಾನವೂ ಹೋಗಿ ಕೋರ್ಟಿನಲ್ಲಿ ದನಿ ಗಟ್ಟಿಯಾಗುತ್ತದೆ. ಗಟ್ಟಿ ದನಿಗೆ ನಾವೆಲ್ಲ ಬೇಗ ಮರುಳಾಗುತ್ತೇವೆ.

ಪರೇಡ್ ನಡೆಸುವವರು ಮ್ಯಾಜಿಸ್ಟ್ರೇಟರು. ನಮ್ಮಲ್ಲಿ ಎಷ್ಟೋ ಸಲ ತಹಶೀಲ್ದಾರರೇ ತಾಲ್ಲೂಕು ದಂಡಾಧಿಕಾರಿಯಾಗಿ ನಡೆಸುತ್ತಾರೆ. ಗುರುತಿಸುವಾಗ ಪೊಲೀಸರು ಅಲ್ಲಿರಕೂಡದು. ಆರೋಪಿಯ ವಯಸ್ಸು, ಎತ್ತರ, ಮೈಕಟ್ಟನ್ನೇ ಹೋಲುವ ಐದಾರು ಜನರಾದರೂ ಸಾಲಿನಲ್ಲಿರಬೇಕು. ಎಲ್ಲಿ ನಿಲ್ಲುವುದೆಂದು ಅವನೇ ಆರಿಸಿಕೊಳ್ಳಬಹುದು. ಅವನ ಗಲ್ಲದ ಮೇಲೆ ಗಾಯದ ಕಲೆಯಿದ್ದರೆ ಎಲ್ಲರ ಗಲ್ಲಕ್ಕೂ ಅದೇ ಜಾಗದಲ್ಲಿ ಪಟ್ಟಿ ಅಂಟಿಸಬೇಕು. ನೋಡಿ ಬಂದ ಸಾಕ್ಷಿ, ಹೊರಗೆ ಕಾದಿರುವ ಸಾಕ್ಷಿಯೊಂದಿಗೆ ಮಾತಾಡುವಂತಿಲ್ಲ.

ಸಾಲಿನ ಮುಂದೆ ಹೋಗುವ ಮೊದಲೇ ಅತ್ತಿಗೆ ದಂಡಾಧಿಕಾರಿಗೆ ಹೇಳಲಿ: ‘ನನಗೆ ಫೋಟೋ ತೋರಿಸಿದ್ದಾರೆ.’ ಯಾವತ್ತು, ಎಷ್ಟು ಫೋಟೋ ಎಂಬುದನ್ನೂ ಬರೆಸಲಿ. ಮುಚ್ಚಿಟ್ಟರೆ ಪಾಟೀಸವಾಲಿನಲ್ಲಿ ಹೊರಬಿದ್ದು ಅವರ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಕಳ್ಳ ಆ ಸಾಲಿನಲ್ಲಿ ಇಲ್ಲದೆಯೂ ಇರಬಹುದು. ‘ಗುರುತು ಹಿಡಿಯಲು ಆಗಲಿಲ್ಲ’ ಎಂದರೆ ಅದನ್ನೂ ಹಾಗೆಯೇ ಬರೆದುಕೊಳ್ಳುತ್ತಾರೆ.

ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 7ರ ಪ್ರಕಾರ (ಹಳೆಯ ಕಾಯ್ದೆಯಲ್ಲಿ ಸೆಕ್ಷನ್ 9) ಗುರುತು ಹಿಡಿಸುವ ಸಂಗತಿಗಳನ್ನು ಕೋರ್ಟು ಸಾಕ್ಷ್ಯವಾಗಿ ಪರಿಗಣಿಸಬಹುದು. ಆದರೂ ಪರೇಡ್ ಬರೀ ಬೆಂಬಲ. ಅಸಲು ಸಾಕ್ಷ್ಯ ಕೋರ್ಟಿನಲ್ಲಿ ಹೇಳಿದ್ದೇ.

ಸರ ಸಿಕ್ಕಿದೆಯೇ ಎಂದು ವಿಚಾರಿಸಿ. ಆರೋಪಿ ಹೇಳಿದ ಜಾಗದಲ್ಲಿ ಪಂಚರ (ಪೊಲೀಸರು ಸಾಕ್ಷಿಗೆ ಕರೆದ ಹೊರಗಿನವರ) ಮುಂದೆ ಸಿಕ್ಕಿದ್ದರೆ ನನ್ನ ಲೆಕ್ಕದಲ್ಲಿ ಅದು ಮುಖಕ್ಕಿಂತ ಗಟ್ಟಿ ಸಾಕ್ಷಿ. ಕೊಂಡ ರಸೀದಿ, ಸರ ಕಾಣುವ ಮದುವೆ ಫೋಟೋ, ಅಕ್ಕಸಾಲಿಗರು ಕೊಂಡಿ ಬೆಸೆದ ಜಾಗ ಈಗಲೇ ಹುಡುಕಿ, ನೆನಪು ಮಾಡಿ ಬರೆದಿಟ್ಟುಕೊಳ್ಳಿ. ಒಡವೆಯನ್ನೂ ಅಂಥವೇ ಬೇರೆ ಸರಗಳ ಜೊತೆ ಇಟ್ಟು ಗುರುತು ಹಿಡಿಸುವುದುಂಟು.